ಕಾಡಿನ ಮನೆಯ ಕ್ರಯ: ಎರಡು ಕೃತಿಗಳ ವಿಚಾರ

ಮನೆಯ ಹಳೆಯ ಪೆಟ್ಟಿಗೆಯೊಳಗಿಂದ ಕ್ರಯಪತ್ರವೊಂದನ್ನು ತೆಗೆದು ಓದಿದವರಿಗೆ ಅದರ ನಡುವೆ ಬರುವ ಒಂದು ಗಂಭೀರವಾದ ಪದಸಮೂಹದ ಪರಿಚಯವು ಇದ್ದೇ ಇರುವುದು. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗಗಳೊಡನೆ ಭೂಮಿಯನ್ನು ಕೊಂಡವನ ಸ್ವಾಧೀನಕ್ಕೆ ಬಿಟ್ಟಿರುವುದಾಗಿ ಅಲ್ಲಿ ಬರೆದಿರುತ್ತದೆ. ಕೆಲವು ಪತ್ರಗಳಲ್ಲಿ ತರುವೂ, ಎಂದರೆ ಮರವೂ, ಈ ಸಾಲಿಗೆ ಸೇರುವುದುಂಟು. ವಿಜಯನಗರದ ಕಾಲದ ದಾನಶಾಸನಗಳಲ್ಲಿ ಬಳಕೆಯಾಗಿದ್ದ ಈ ಮಾತು ಕಾಲಕ್ರಮದಲ್ಲಿ ಪತ್ರಬರಹಗಾರರ ಲೇಖನಿಗೆ ಇಳಿದುಬಂದಿತು. ಬರೆಯುವವನು ಅರ್ಥವನ್ನು ಯೋಚಿಸದೆ ಬರೆಯುವನು. ಬರೆಸುವವನು ಕೇಳಿಯೂ ಕೇಳದಂತೆ ರುಜು ಹಾಕುವನು. ಆದರೂ ಮನುಷ್ಯನಿಗೂ ನೆಲಕ್ಕೂ ಇರುವ ಸಂಬಂಧವನ್ನು ಇಷ್ಟು ಅಡಕವಾಗಿ ಎಣಿಸಿಟ್ಟ ಮಾತು ಮತ್ತೊಂದು ದೊರೆಯುವುದು ಕಷ್ಟ. ಹೂತದ್ದು, ಇಟ್ಟದ್ದು, ನೀರು, ಕಲ್ಲು, ಸವೆಯದೆ ನಿಲ್ಲುವುದು, ಮುಂದೆ ಬರತಕ್ಕದ್ದು, ಈಗಾಗಲೇ ಕೈಗೂಡಿರುವುದು, ಪ್ರಯತ್ನದಿಂದ ಕೈಗೂಡಿಸಬಹುದಾದದ್ದು, ಇವಿಷ್ಟೂ ಅದರಲ್ಲಿ ಅಡಗಿವೆ.

ಊರಿಗೆ ದೂರವಾಗಿ, ಮರಗಳ ಮರೆಯಲ್ಲಿ ನಿಂತ ಒಂಟಿಮನೆಯೊಂದು ಕೈಬಿಟ್ಟುಹೋಗುವ ಪ್ರಸಂಗವನ್ನು ಸಾಹಿತ್ಯವು ಹೇಗೆ ಕಂಡಿದೆಯೆಂಬುದನ್ನು ವಿಚಾರಿಸುವಾಗ ಈ ಎಂಟು ಮಾತುಗಳೇ ಒಳ್ಳೆಯ ಒರೆಗಲ್ಲಾಗಬಲ್ಲವು. ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವ ಕೃತಿಗಳು ಎರಡು. ಒಂದು, ರುಷ್ಯಾದೇಶದ ಆಂಟನ್ ಚೆಕಾಫನ ‘ಚೆರಿ ತೋಟ’ವೆಂಬ ನಾಟಕ, ಇನ್ನೊಂದು, ೧೯೪೩ರಲ್ಲಿ ಪ್ರಕಟವಾದ ಶಿವರಾಮ ಕಾರಂತರ ‘ಬೆಟ್ಟದ ಜೀವ’. ಮೊದಲನೆಯದರಲ್ಲಿ ಮನೆಯೂ ತೋಟವೂ ಹರಾಜಾಗುತ್ತವೆ. ಎರಡನೆಯದರಲ್ಲಿ ಹರಾಜಿಲ್ಲ, ಆದರೆ ಮುಂದೆ ಈ ಮನೆ ಯಾರದು ಎಂಬ ಪ್ರಶ್ನೆ ಪುಟಪುಟದ ಹಿಂದೆಯೂ ಇದೆ.

ಬಳ್ಳಾರಿ ಸೀಮೆಯ ವಾಚಕರಿಗೆ ಈ ವಿಚಾರವು ಪರಕೀಯವಾದದ್ದಲ್ಲ. ಕುರುಗೋಡು ಸಿಂದರ ರಾಜಧಾನಿಯಾಗಿದ್ದ ಊರು. ಕನ್ನಡ ನಾಡಿನ ದಾನಶಾಸನಗಳನ್ನು ನೋಡಿದರೆ ಹೊಲದ ಮೇರೆಯನ್ನು ಹಳ್ಳ, ಗುಂಡು, ಕೆರೆಯ ಕೋಡಿ, ಮರ ಇವುಗಳಿಂದ ಗುರುತಿಸಿರುವುದು ಕಾಣುತ್ತದೆ; ಮೇರೆಯ ಮರವನ್ನು ಕಡಿದರೆ ಸಾಕ್ಷಿಯನ್ನೇ ಕಡಿದಂತೆ. ೧೮೦೦ರಲ್ಲಿ ನಿಜಾಮನು ಈ ಸೀಮೆಯನ್ನು ಕುಂಪಣಿಗೆ ಬಿಟ್ಟುಕೊಟ್ಟ ಮೇಲೆ ತಾಮಸ್ ಮನ್ರೋ ಇಲ್ಲಿಯ ಮುಖ್ಯ ಕಲೆಕ್ಟರನಾಗಿ ೧೮೦೭ರವರೆಗೆ ಇದ್ದು ಭೂಮಿಯನ್ನು ಅಳೆಯಿಸಿದನು. ಮುಂದೆ ಬೇರೂರಿದ ರೈತವಾರಿ ಪದ್ಧತಿಯಲ್ಲಿ ರೈತನು ಸರಕಾರಕ್ಕೆ ನೇರವಾಗಿ ಕಂದಾಯ ಕಟ್ಟುವವನಾದನು. ತನ್ನ ಪಟ್ಟಾ ಜಮೀನನ್ನು ಮಾರುವ, ಒತ್ತೆಯಿಡುವ ಅಧಿಕಾರವೂ ಅವನದಾಯಿತು. ಬಳ್ಳಾರಿಯೂ ದಕ್ಷಿಣ ಕನ್ನಡವೂ ಬಹುಕಾಲ ಒಂದೇ ಮದರಾಸು ಆಧಿಪತ್ಯಕ್ಕೆ ಸೇರಿದ್ದುವು. ‘ಬೆಟ್ಟದ ಜೀವ’ದ ಗೋಪಾಲಯ್ಯನೂ ಸಿರುಗುಪ್ಪದ ರೈತನೂ ಕ್ರಯಕ್ಕೆ ಹೊರಟಿದ್ದರೆ ಒಂದೇ ಕಾನೂನಿನ ಮುಂದೆ ನಿಲ್ಲಬೇಕಾಗಿತ್ತು.

‘ಚೆರಿ ತೋಟ’ವು ೧೯೦೪ನೆಯ ಜನವರಿಯಲ್ಲಿ ಮಾಸ್ಕೋ ಕಲಾರಂಗದಲ್ಲಿ ಮೊದಲು ಪ್ರಯೋಗವಾಯಿತು, ಅದೇ ವರುಷದ ಜುಲೈ ತಿಂಗಳಲ್ಲಿ ನಾಟಕಕಾರನು ತೀರಿಕೊಂಡನು. ಕಥೆ ಸರಳವಾದದ್ದು. ರಾನೆವ್‌ಸ್ಕಾಯಾ ಎಂಬ ಸಿರಿವಂತ ಮನೆತನದ ಹೆಂಗಸು ಐದು ವರುಷ ಪರದೇಶದಲ್ಲಿದ್ದು, ಇದ್ದುದನ್ನೆಲ್ಲ ಕಳೆದುಕೊಂಡು ತನ್ನ ಹಳ್ಳಿಯ ಮನೆಗೆ ಮರಳುತ್ತಾಳೆ. ಸಾಲಕ್ಕಾಗಿ ಮನೆಯೂ ಚೆರಿಯ ತೋಟವೂ ಆಗಸ್ಟ್ ೨೨ರಂದು ಹರಾಜಿಗೆ ಬರಲಿವೆ. ಲೋಪಾಹಿನ್ ಎಂಬ ವರ್ತಕನು ಒಂದು ಉಪಾಯವನ್ನು ಹೇಳುತ್ತಾನೆ. ಮರಗಳನ್ನು ಕಡಿದು, ಭೂಮಿಯನ್ನು ತುಂಡುಮಾಡಿ, ಪಟ್ಟಣದವರ ಬೇಸಗೆ ಮನೆಗಳಿಗಾಗಿ ಗುತ್ತಿಗೆ ಕೊಟ್ಟರೆ ವರುಷಕ್ಕೆ ಕಡಮೆಯೆಂದರೂ ೨೫,೦೦೦ ರೂಬಲ್ ಬರುವುದೆಂದು ಅವನ ಲೆಕ್ಕ. ಅಂತಹ ಮನೆಗಳೂ ಅವುಗಳಲ್ಲಿ ವಾಸಿಸುವವರೂ ಕೀಳೆಂದು ಆಕೆಯೂ ಆಕೆಯ ಅಣ್ಣ ಗಾಯೆವನೂ ಮೂಗು ಮುರಿಯುತ್ತಾರೆ. ದೂರದ ಅತ್ತೆಯೊಬ್ಬಳು ಕಳಿಸಿದ ೧೫,೦೦೦ ರೂಬಲ್ ಬಡ್ಡಿಗೂ ಸಾಲದು. ಹರಾಜಿನ ದಿವಸ ಸಾಲದ ಮೇಲೆ ೯೦,೦೦೦ ರೂಬಲ್ ಕೂಗಿ ತೋಟವನ್ನು ಕೊಳ್ಳುವವನು ಆ ಲೋಪಾಹಿನನೇ. ಅವನ ತಂದೆಯೂ ತಾತನೂ ಅದೇ ಮನೆಯಲ್ಲಿ ಜೀತದಾಳುಗಳಾಗಿದ್ದವರು. ಅಡುಗೆಯ ಮನೆಯೊಳಕ್ಕೂ ಅವರಿಗೆ ಪ್ರವೇಶವಿರಲಿಲ್ಲ.

ಈ ನಾಟಕವನ್ನು ನೋಡುವವರು ಬಹುಮಟ್ಟಿಗೆ ಕೊಡಲಿಯ ಸದ್ದಿಗೆ ಕಣ್ಣೀರಿಟ್ಟು ಲೋಪಾಹಿನನನ್ನು ಕಟುಕನೆಂದು ಬಗೆಯುತ್ತಾರೆ. ಮೊದಲ ಪ್ರಯೋಗವನ್ನು ನಡೆಸಿದ ಸ್ತಾನಿಸ್ಲಾವ್‌ಸ್ಕಿಯೇ ಇದನ್ನು ದುಃಖನಾಟಕವೆಂದು ತಿಳಿದನು. ಬರೆದವನಾದರೋ ಪ್ರಹಸನವೆಂದೇ ಹಟಹಿಡಿದನು. ಅಷ್ಟಭೋಗದ ಒರೆಗೆ ಹಚ್ಚಿದರೆ ಚೆಕಾಫನ ಮಾತಿನಲ್ಲಿ ಹುರುಳಿದೆಯೆಂದು ತೋರುವುದು. ಆ ಮನೆಯವರಿಗೆ ತೋಟವು ಕೇವಲ ನಿಧಿ, ನಿಕ್ಷೇಪ. ಬಾಲ್ಯದ ನೆನಪುಗಳನ್ನು ಹೂತಿಟ್ಟ ಸ್ಥಳ. ಅದರ ಸಿದ್ಧವೇನೆಂಬುದನ್ನು ಅವರು ಅರಿಯರು. ಹಿಂದೆ ಚೆರಿಯ ಹಣ್ಣನ್ನು ಒಣಗಿಸಿ ಗಾಡಿಗಾಡಿಯಾಗಿ ಮಾಸ್ಕೋ, ಹಾರ್ಕೋವ್ ಪಟ್ಟಣಗಳಿಗೆ ಕಳಿಸುತ್ತಿದ್ದರೆಂದು ಮುದುಕ ಸೇವಕ ಫೀರ್ಸ್ ನೆನೆಯುತ್ತಾನೆ. ಆ ಒಣಗಿಸುವ ವಿದ್ಯೆ ಈಗ ಯಾರಿಗೂ ನೆನಪಿಲ್ಲ. ಕೈಕಸುಬು ಮರೆತುಹೋದ ದಿವಸವೇ ತೋಟವು ಅರ್ಧ ಮಾರಿಹೋಗಿತ್ತು. ನೂರು ವರುಷದ ಪುಸ್ತಕದ ಕಪಾಟಿಗೆ ಭಾಷಣ ಮಾಡುವ ಗಾಯೆವನು ಹಾಸ್ಯಾಸ್ಪದನಾಗುವುದು ಇದೇ ಕಾರಣದಿಂದ. ನೆಲದ ಸಾಧ್ಯವನ್ನು ಕಾಣಬಲ್ಲ ಕಣ್ಣು ಆ ರಂಗದ ಮೇಲೆ ಲೋಪಾಹಿನನೊಬ್ಬನಿಗೇ ಇದೆ.

ಆದರೆ ಅವನ ಕಣ್ಣು ಕಾಣುವುದಾದರೂ ಏನನ್ನು? ಭಾರತದ ೧೮೮೨ರ ಸ್ವತ್ತು ವರ್ಗಾವಣೆಯ ಕಾನೂನಿನಲ್ಲಿ ಇದಕ್ಕೆ ಹೊಂದುವ ಒಂದು ಸೂಕ್ಷ್ಮವಿದೆ. ನೆಲದಲ್ಲಿ ಬೇರೂರಿ ನಿಂತ ಮರವು ನೆಲಕ್ಕೆ ಸೇರಿದ ವಸ್ತು. ಆದರೆ ನಿಂತ ಚೌಬೀನೆಯು ಸ್ಥಾವರ ಸ್ವತ್ತಿಗೆ ಸೇರುವುದಿಲ್ಲ. ಮರವೂ ಅದೇ, ಬೇರೂ ಅದೇ; ವ್ಯತ್ಯಾಸವಿರುವುದು ಮನುಷ್ಯನ ಉದ್ದೇಶದಲ್ಲಿ. ಹಣ್ಣು ನೆರಳುಗಳಿಗಾಗಿ ಬೆಳೆಯಲು ಬಿಟ್ಟರೆ ಅದು ಮರ, ಬೇಗನೆ ಕಡಿಯುವುದಕ್ಕಾಗಿ ಕೊಂಡರೆ ಚೌಬೀನೆ. ೧೯೫೮ರ ಶಾಂತಾಬಾಯಿಯ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ವಿವಿಯನ್ ಬೋಸರು ಈ ಭೇದವನ್ನು ಸ್ಪಷ್ಟಪಡಿಸಿದರು. ಚೆಕಾಫನ ನಾಟಕದ ತಿರುಳೂ ಇದೇ. ಒಂದೇ ತೋಟವನ್ನು ಒಬ್ಬಳು ಮರವೆಂದು ಕಾಣುತ್ತಾಳೆ, ಇನ್ನೊಬ್ಬನು ಚೌಬೀನೆಯೆಂದು ಕಾಣುತ್ತಾನೆ. ಮರವೆಂದು ಕಂಡವಳು ಅದಕ್ಕೆ ನೀರೆರೆಯಲಿಲ್ಲ. ಚೌಬೀನೆಯೆಂದು ಕಂಡವನು ಅದನ್ನು ಉಳಿಸಲಿಲ್ಲ. ಇಬ್ಬರ ನಡುವೆ ತೋಟವು ಹಾಳಾಯಿತು. ಚೆಕಾಫನು ಇದನ್ನು ಪುಸ್ತಕದಿಂದ ಕಲಿತವನಲ್ಲ. ೧೮೯೨ರಲ್ಲಿ ಮೆಲಿಹೋವೋ ಎಂಬ ಹಳ್ಳಿಯಲ್ಲಿ ತೋಟ, ಕಾಡುಗಳ ಸಹಿತವಾದ ಮನೆಯನ್ನು ಕೊಂಡು, ಸ್ವಂತ ಕೈಯಿಂದ ಗಿಡಗಳನ್ನು ನೆಟ್ಟು, ೧೮೯೯ರಲ್ಲಿ ಅದನ್ನು ಮರದ ವ್ಯಾಪಾರಿಗೇ ಮಾರಿ ಯಾಲ್ಟಾಕ್ಕೆ ಹೊರಟುಹೋದವನು ಅವನು. ಮಾರಿದವನ ನೋವೂ ಕೊಂಡವನ ಲೆಕ್ಕವೂ ಅವನಿಗೆ ಸಮನಾಗಿ ತಿಳಿದಿದ್ದುವು. ಆ ಸಮಚಿತ್ತತೆಯೇ ನಾಟಕದ ಹಿರಿಮೆ.

ಈ ಸಮಚಿತ್ತತೆಯ ಬೆಲೆಯನ್ನು ಅರಿಯಬೇಕಾದರೆ ಸಿರುಗುಪ್ಪದ ಕಡೆ ನೋಡಬೇಕು. ೧೯೫೩ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿಯತೊಡಗಿದ ಮೇಲೆ ಆಂಧ್ರದ ಕರಾವಳಿ ಜಿಲ್ಲೆಗಳ ರೈತರು ಬಂದು, ಮಳೆಯನ್ನೇ ನಂಬಿದ್ದ ಎರೆಹೊಲಗಳನ್ನು ಕೊಂಡು, ಸಮಮಾಡಿ, ಬತ್ತ ನಾಟಿದರು. ಅವರು ನೆಲಸಿದ ಕ್ಯಾಂಪುಗಳು ಇಂದಿಗೂ ಊರುಗಳಾಗಿ ನಿಂತಿವೆ. ಮಾರಿದ ಮನೆಗಳಲ್ಲಿ ಮೋಸಹೋದೆವೆಂಬ ಕೊರಗು ಕೆಲವೆಡೆ ತಲೆಮಾರಿನವರೆಗೂ ಉಳಿದಿರುವುದುಂಟು. ಆದರೆ ಚೆಕಾಫನನ್ನು ಓದಿದವರು ಆ ಕೊರಗನ್ನು ಬೇರೆ ರೀತಿಯಲ್ಲಿ ಪರೀಕ್ಷಿಸಬಲ್ಲರು. ಮಾರಿದವನು ತಾನು ಕಂಡಿದ್ದ ಬರಗಾಲದ ಹೊಲವನ್ನು ಮಾರಿದನು. ಕೊಂಡವನು ಬರಲಿರುವ ನೀರನ್ನು ಕೊಂಡನು. ಪತ್ರದಲ್ಲಿ ಸಾಧ್ಯವೆಂಬ ಮಾತು ಇದ್ದೇ ಇತ್ತು. ಅದನ್ನು ಇಬ್ಬರಲ್ಲಿ ಒಬ್ಬನು ಮಾತ್ರ ಓದಿದ್ದನು. ಕೊಂಡವನನ್ನು ಹಳಿಯುವುದರಿಂದ ಈ ವಿಷಯವು ತೀರುವುದಿಲ್ಲ.

‘ಬೆಟ್ಟದ ಜೀವ’ದ ಲೋಕವು ಇದಕ್ಕೆ ತೀರ ಬೇರೆ. ಸುಬ್ರಹ್ಮಣ್ಯದ ಸಮೀಪದ ಘಟ್ಟದ ಕಾಡಿನಲ್ಲಿ ದಾರಿ ತಪ್ಪಿದ ಕಥೆಗಾರನನ್ನು ದೇರಣ್ಣ, ಬಟ್ಯ ಎಂಬವರು ವೃದ್ಧ ಗೋಪಾಲಯ್ಯನ ಒಂಟಿಮನೆಗೆ ಕರೆತರುತ್ತಾರೆ. ಗೋಪಾಲಯ್ಯನೂ ಮಡದಿ ಶಂಕರಿಯೂ ಅತಿಥಿಯನ್ನು ಬಿಡಲೊಲ್ಲದೆ ಉಳಿಸಿಕೊಳ್ಳುತ್ತಾರೆ. ಕಾಡನ್ನು ಕಡಿದು, ಕಾಡುಮೃಗಗಳ ಕಾಟವನ್ನು ಸಹಿಸಿ, ಅಡಕೆಯ ತೋಟವನ್ನು ಎಬ್ಬಿಸಿದ ಮುದುಕ ಗೋಪಾಲಯ್ಯ. ಸಾಧ್ಯವಾಗಿದ್ದುದನ್ನು ಸಿದ್ಧವಾಗಿ ಮಾಡಿದ ಪುರುಷಕಾರವೇ ಅವನ ಬಾಳು. ಗಾಯೆವನಲ್ಲಿಲ್ಲದ ಕಸುಬು ಇವನಲ್ಲಿದೆ; ಲೋಪಾಹಿನನಲ್ಲಿಲ್ಲದ ಮಮತೆಯೂ ಇದೆ. ಆದರೆ ಪಟ್ಟಿಯಲ್ಲಿ ಒಂದು ಮಾತು ಬರಿದಾಗಿದೆ. ಅದು ಆಗಾಮಿ. ಮಗ ಶಂಭು ಮನೆಬಿಟ್ಟು ಹೋದವನು ಮರಳಿಲ್ಲ. ಹೆತ್ತವರು ಆಶ್ರಯವಿತ್ತ ನಾರಾಯಣನೂ ಅವನ ಹೆಂಡತಿ ಲಕ್ಷ್ಮಿಯೂ ಹತ್ತಿರದಲ್ಲೇ ಭೂಮಿಯನ್ನು ಸಾಗಿಸುತ್ತಿದ್ದಾರೆ. ಆದರೆ ಎಂದಾದರೊಂದು ದಿನ ಶಂಭು ಬಂದು ಕೇಳಿದರೆ ತಮ್ಮ ದುಡಿಮೆಯ ಗತಿಯೇನೆಂಬ ಅಳುಕು ನಾರಾಯಣನನ್ನು ಬಿಡದು.

ಈ ಅಳುಕನ್ನು ಕಾರಂತರು ದೊಡ್ಡ ದನಿಯಲ್ಲಿ ಹೇಳುವುದಿಲ್ಲ. ಮಗನ ಹೆಸರು ಬಂದಾಗ ಶಂಕರಿಯ ಮಾತು ಎಲ್ಲಿ ತಡೆಯುವುದು, ಮುದುಕನ ನಗೆ ಎಲ್ಲಿ ಅಗತ್ಯಕ್ಕಿಂತ ಜೋರಾಗುವುದು, ಇವುಗಳನ್ನು ಗಮನಿಸುವ ವಾಚಕರಿಗೆ ಅದು ತಾನಾಗಿ ತಿಳಿಯುತ್ತದೆ. ಆ ಅತಿಥಿಸತ್ಕಾರದ ಅತಿಶಯವೂ ವಿನೋದಕ್ಕಾಗಿ ಬಂದದ್ದಲ್ಲ. ಬಂದವರನ್ನೆಲ್ಲ ಮಗನಂತೆ ಹಿಡಿದು ಕೂರಿಸಿಕೊಳ್ಳುವ ಮನೆಯಲ್ಲಿ ಮಗನ ಸ್ಥಳ ಖಾಲಿಯಾಗಿದೆಯೆಂದೇ ಅರ್ಥ. ಕಾದಂಬರಿಯ ನಿಜವಾದ ಬಲವಿರುವುದು ಇಲ್ಲಿ. ದುಡಿಮೆಯಿಂದ ಬಂದ ಒಡೆತನವೂ ಪತ್ರದಿಂದ ಬಂದ ಒಡೆತನವೂ ಒಂದೇ ಅಲ್ಲವೆಂಬ ತಿಳಿವಳಿಕೆ ಕನ್ನಡದಲ್ಲಿ ಇಷ್ಟು ಮೆಲ್ಲನೆ ಮೂಡಿದ ಕೃತಿ ವಿರಳ.

ಗುಣವನ್ನು ಹೇಳಿದ ಮೇಲೆ ಕೊರತೆಯನ್ನೂ ಹೇಳಬೇಕಾದದ್ದು ನ್ಯಾಯ. ಕತ್ತಲೆಯಲ್ಲಿ ದಾರಿಯನ್ನು ಬಲ್ಲವರು ದೇರಣ್ಣನೂ ಬಟ್ಯನೂ. ಕಥೆ ಮನೆಗೆ ಸೇರಿದ ಮೇಲೆ ಅವರ ಆಗಾಮಿಯ ಪ್ರಶ್ನೆ ಏಳುವುದೇ ಇಲ್ಲ. ತೋಟವನ್ನು ಎಬ್ಬಿಸಿದ ಕೈಗಳು ಒಬ್ಬ ಗೋಪಾಲಯ್ಯನವೇ ಆಗಿರಲಾರವು. ಚೆಕಾಫನಲ್ಲಿಯಾದರೋ ಪ್ರತಿಯೊಂದು ಎಲೆಯ ಹಿಂದಿನಿಂದಲೂ ಜೀತದಾಳುಗಳ ಮುಖಗಳು ನೋಡುತ್ತಿವೆಯೆಂಬ ಅರ್ಥದ ಮಾತನ್ನು ವಿದ್ಯಾರ್ಥಿ ತ್ರೊಫೀಮೊವನು ಆಡುತ್ತಾನೆ. ಕೊನೆಗೆ ಬೀಗಹಾಕಿದ ಮನೆಯಲ್ಲಿ ಎಲ್ಲರೂ ಮರೆತು ಹೋದ ಫೀರ್ಸನು ಒಬ್ಬನೇ ಉಳಿಯುತ್ತಾನೆ. ಮಾರಿದವರ ಪತ್ರದಲ್ಲಿಯೂ ಇಲ್ಲದ, ಕೊಂಡವನ ಪತ್ರದಲ್ಲಿಯೂ ಇಲ್ಲದ ಮನುಷ್ಯ ಅವನು. ನ್ಯಾಯದೃಷ್ಟಿಯಲ್ಲಿ ನಾಟಕವು ಮೇಲು; ದುಡಿಮೆಯ ಅರಿವಿನಲ್ಲಿ ಕಾದಂಬರಿಯು ಮೇಲು.

ಈ ಕೃತಿಗಳ ಆಚೆಗೆ ಕಾನೂನು ಮುಂದೆ ಸಾಗಿದೆ. ೧೯೭೪ರ ಮಾರ್ಚ್ ೧ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯು ಉಳುವ ಗೇಣಿದಾರನಿಗೆ ಭೂಮಿಯ ಹಕ್ಕನ್ನು ಕೊಡಲು ಹೊರಟಿತು. ನಾರಾಯಣನಂತಹವರ ಅಳುಕಿಗೆ ಅದು ಕರ್ನಾಟಕವು ಕೊಟ್ಟ ಉತ್ತರ. ೨೦೨೦ರ ತಿದ್ದುಪಡಿಯಾದರೋ ವ್ಯವಸಾಯಗಾರರಲ್ಲದವರೂ ವ್ಯವಸಾಯದ ಭೂಮಿಯನ್ನು ಕೊಳ್ಳುವುದಕ್ಕೆ ಇದ್ದ ಅಡ್ಡಿಯನ್ನು ತೆಗೆಯಿತು. ಲೋಪಾಹಿನನ ಬೇಸಗೆ ಮನೆಗಳ ಲೆಕ್ಕಕ್ಕೆ ಇಲ್ಲಿಯೂ ದಾರಿಯಾಯಿತು. ಅಷ್ಟಭೋಗದ ಪಾಷಾಣವೆಂಬ ಮಾತು ಎಷ್ಟು ಭಾರವಾದದ್ದೆಂಬುದನ್ನು ಬಳ್ಳಾರಿಯವರಿಗೆ ಹೇಳಬೇಕಾಗಿಲ್ಲ. ಹಿಂದೆ ಇಲ್ಲಿಯ ದಂಡಿನ ಆಂಗ್ಲ ಸಿಪಾಯಿಗಳು ಆರೋಗ್ಯಕ್ಕಾಗಿ ಹೋಗಿರುತ್ತಿದ್ದ ರಾಮನದುರ್ಗವಿರುವುದೂ ಸಂಡೂರಿನ ಕಾಡಿನ ಬೆಟ್ಟಗಳಲ್ಲಿಯೇ. ಅದೇ ಬೆಟ್ಟಸಾಲಿನ ಕಬ್ಬಿಣದ ಅದಿರಿಗಾಗಿ ಕಾಡು ನೆಲಸಮವಾದುದನ್ನು ಕಂಡು, ೨೦೧೧ರ ಜುಲೈ ೨೯ರಂದು ಸರ್ವೋಚ್ಚ ನ್ಯಾಯಾಲಯವು ಜಿಲ್ಲೆಯ ಗಣಿಗೆಲಸವನ್ನೇ ತಡೆಯಬೇಕಾಯಿತು.

ಬಳ್ಳಾರಿ ಪಟ್ಟಣದಲ್ಲಿ ಉದ್ಯೋಗ ಹಿಡಿದ ಮಕ್ಕಳಿಗಾಗಿ ಕುರುಗೋಡಿನ ಕಡೆಯ ತೋಟದ ಮನೆಯನ್ನು, ಅದರ ಭಾವಿಯನ್ನು, ಹುಣಿಸೆ ಬೇವುಗಳನ್ನು ಮಾರಲೆಣಿಸುವ ಮನೆತನಗಳು ಇಂದೂ ಇವೆ. ಮಾರುವುದು ಪಾಪವೆಂದು ಈ ಎರಡು ಕೃತಿಗಳಲ್ಲಿ ಯಾವುದೂ ಹೇಳುವುದಿಲ್ಲ. ಮಾರಬೇಕಾದ ಕಾಲದಲ್ಲಿ ಮಾರುವುದೇ ವಿವೇಕವಾಗಬಹುದು. ಗಾಯೆವನಂತೆ ಕಪಾಟಿಗೆ ಭಾಷಣ ಮಾಡುತ್ತ ಕುಳಿತರೆ ಹರಾಜು ತಪ್ಪದು. ಆದರೆ ರುಜು ಹಾಕುವ ಮೊದಲು ಚೆಕ್ಕುಬಂದಿಯನ್ನು ಓದುವಷ್ಟೇ ಎಚ್ಚರದಿಂದ ಆ ಎಂಟು ಮಾತುಗಳನ್ನೂ ಓದಬೇಕು: ಸಿದ್ಧವನ್ನು ಮಾಡಿದವರಾರು, ಸಾಧ್ಯವನ್ನು ಕಾಣದೆ ಬಿಟ್ಟವರಾರು, ಆಗಾಮಿ ಯಾರ ಪಾಲಿಗೆ, ಬೀಗ ಹಾಕುವಾಗ ಒಳಗೆ ಯಾರಾದರೂ ಉಳಿದಿರುವರೇ. ಹಾಗೆ ಓದುವ ಅಭ್ಯಾಸವು ಗೋಪಾಲಯ್ಯನ ಮನೆಯಲ್ಲಿ ನಾಲ್ಕು ದಿನ ಅತಿಥಿಯಾಗಿದ್ದು, ಆಮೇಲೆ ರಾನೆವ್‌ಸ್ಕಾಯಾಳ ಹರಾಜಿಗೆ ಹೋಗಿಬಂದವರಿಗೆ ಸುಲಭವಾಗುವುದು. ಆದುದರಿಂದ ಈ ಎರಡನ್ನೂ ಜೊತೆಯಾಗಿ, ಅದರಲ್ಲಿಯೂ ಕಾರಂತರನ್ನು ಮೊದಲು ಓದುವುದು ಉಚಿತ.