ವರ್ತುಲದೊಳಗಿನ ತಾಳ್ಮೆಯ ಕಾರು

ಜಪಾನಿನ ಯುಕಿ ಸುಗಿಯಾಮಾ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಯೋಗದಷ್ಟು ಚೊಕ್ಕವಾದದ್ದನ್ನು ನಾನು ಕಂಡದ್ದು ಕಡಿಮೆ. 230 ಮೀಟರ್ ಸುತ್ತಳತೆಯ ವರ್ತುಲ, ಅದರಲ್ಲಿ 22 ಕಾರು. ಗಂಟೆಗೆ 30 ಕಿ.ಮೀ.ಯಂತೆ ಸುಮ್ಮನೆ ಸುತ್ತುತ್ತಿರಿ ಎಂದರು. ಸಿಗ್ನಲ್ಲಿಲ್ಲ, ಗುಂಡಿಯಿಲ್ಲ, ಅಡ್ಡ ಬರುವ ದನವೂ ಇಲ್ಲ. ಆದರೂ ಜಾಮ್ ಆಯಿತು! ಒಬ್ಬರು ತುಸು ನಿಧಾನಿಸಿದರೆ ಹಿಂದಿನವರು ಕ್ಷಣ ತಡವಾಗಿ, ಇನ್ನಷ್ಟು ಜೋರಾಗಿ ಬ್ರೇಕ್ ಒತ್ತುತ್ತಾರೆ. ಕಾರುಗಳು ಮುಂದೆ ಸಾಗುತ್ತಿದ್ದರೆ ಜಾಮ್ ಮಾತ್ರ ಹಿಂದಕ್ಕೆ ಹರಿಯುತ್ತದೆ. ವರ್ತುಲಕ್ಕೆ ಕೊನೆಯಿಲ್ಲವಾದ್ದರಿಂದ, ತಾನೆಬ್ಬಿಸಿದ ಅಲೆ ಸುತ್ತಿ ಬಂದು ತನಗೇ ತಗಲುತ್ತದೆ. ಕಾಗದದ ಮೇಲಿನ ಸಮೀಕರಣ ಮೊದಲೇ ನುಡಿದಿದ್ದು ಡಾಂಬರಿನ ಮೇಲೆ ಕಾಣಿಸಿಕೊಂಡಿತು.

ಇದರ ಉತ್ತರಾರ್ಧ ನಡೆದದ್ದು ಅಮೆರಿಕದ ಅರಿಜೋನಾದಲ್ಲಿ. ಅಂಥದೇ ವರ್ತುಲ, ಇಪ್ಪತ್ತಕ್ಕೂ ಹೆಚ್ಚು ಕಾರು. ಒಂದರ ವೇಗ ಮಾತ್ರ ಕಂಪ್ಯೂಟರಿನ ಕೈಯಲ್ಲಿ. ಅದರ ನಿಯಮ ಅಜ್ಜಿಯ ಬುದ್ಧಿಮಾತಿನಷ್ಟು ಸರಳ: ಸರಾಸರಿ ವೇಗದಲ್ಲೇ ಹೋಗು, ಮುಂದೆ ಜಾಗ ತೆರೆದರೂ ನುಗ್ಗಬೇಡ, ಅಂತರ ತೀರಾ ಕಿರಿದಾದರೆ ನಿಧಾನಿಸು. ಅಲೆ ಅಡಗಿತು, ಇಂಧನ ಬಳಕೆಯಲ್ಲಿ 40% ವರೆಗೆ ಉಳಿತಾಯವಾಯಿತು. ಉಳಿದವರೆಲ್ಲ ಮನುಷ್ಯರೇ, ಅವರಿಗೆ ಯಾರೂ ಪಾಠ ಹೇಳಿರಲಿಲ್ಲ. ನನ್ನ ಮೆಚ್ಚುಗೆ ಇರುವುದು ಅಲ್ಲಿ.

ವರ್ತುಲದಲ್ಲಿ ಓವರ್‌ಟೇಕ್ ಇಲ್ಲ ಎಂಬುದನ್ನೂ ಹೇಳಬೇಕು. ಬಿಟ್ಟ ಜಾಗಕ್ಕೆ ಸ್ಕೂಟರ್ ತೂರುವ ರಸ್ತೆಗೆ ಬೇರೆಯೇ ಲೆಕ್ಕ ಬೇಕು. ವರ್ತುಲದಾಚೆಗೂ ಇದು ನಡೆಯುತ್ತದೆಯೇ ಎಂದು ತಿಳಿಯಲು 2022ರಲ್ಲಿ ಅಮೆರಿಕದ ನ್ಯಾಶ್‌ವಿಲ್ ಬಳಿಯ ಹೆದ್ದಾರಿಗೆ, ನಿಜವಾದ ದಟ್ಟಣೆಯ ನಡುವೆ, ಇಂಥ 100 ಕಾರುಗಳನ್ನು ಇಳಿಸಿ ನೋಡಿದರು.