ಎರಡು ಫೋನ್‌ಗಳ ಸರ್ಕಾರ

2024ರ ಫೆಬ್ರವರಿ 11ರ ರಾತ್ರಿ ಅಮೆರಿಕ ಸೂಪರ್ ಬೌಲ್ ಪಂದ್ಯದಲ್ಲಿ ಮುಳುಗಿದ್ದಾಗ, ಅಧ್ಯಕ್ಷ ಜೋ ಬೈಡನ್ ಅವರ ಪ್ರಚಾರ ತಂಡ ಟಿಕ್‌ಟಾಕ್‌ನಲ್ಲಿ ತನ್ನ ಮೊದಲ ವಿಡಿಯೊ ಹಾಕಿತು. ಅರ್ಧ ನಿಮಿಷದಷ್ಟು ಪುಟ್ಟ ತುಣುಕು. ಕ್ಯಾಮೆರಾದ ಹಿಂದಿನಿಂದ ಯಾರೋ ಚುಟುಕು ಪ್ರಶ್ನೆ ಕೇಳುತ್ತಾರೆ: ಆಟ ಇಷ್ಟವೋ, ನಡುವಿನ ಜಾಹೀರಾತು ಇಷ್ಟವೋ? ಕೊನೆಯ ಪ್ರಶ್ನೆ, ಟ್ರಂಪೋ ಬೈಡನ್ನೋ? 81 ವರ್ಷದ ಅಧ್ಯಕ್ಷರು ನಗುತ್ತ ಉತ್ತರ ಕೊಡುತ್ತಾರೆ. ನೋಡಲು ಹಿತವಾದ ವಿಡಿಯೊ. ಆದರೆ ಸರ್ಕಾರಿ ಫೋನ್‌ಗಳಲ್ಲಿ ಟಿಕ್‌ಟಾಕ್ ಇರಕೂಡದು ಎಂಬ ಕಾನೂನಿಗೆ 2022ರ ಡಿಸೆಂಬರ್‌ನಲ್ಲಿ ಸಹಿ ಹಾಕಿದವರೂ ಇದೇ ಅಧ್ಯಕ್ಷರು. ಈ ವಿಡಿಯೊ ಬಂದ ಎರಡೂವರೆ ತಿಂಗಳಿಗೆ, ಏಪ್ರಿಲ್ 24ರಂದು, ಕಂಪನಿಯನ್ನು ಮಾರಿ ಇಲ್ಲವೇ ದೇಶ ಬಿಡಿ ಎನ್ನುವ ಇನ್ನೊಂದು ಕಾನೂನಿಗೂ ಅವರೇ ಸಹಿ ಹಾಕಿದರು. ಖಾತೆ ಮಾತ್ರ ನಡೆಯುತ್ತಲೇ ಇತ್ತು.

ಅಪಾಯ ಎಂದು ಸರ್ಕಾರವೇ ಘೋಷಿಸಿದ ವೇದಿಕೆಯಲ್ಲಿ ಸರ್ಕಾರ ನಡೆಸುವವರೇ ಯುವ ಮತದಾರರನ್ನು ಹುಡುಕಿಕೊಂಡು ಹೋಗುವ ಈ ರೂಢಿ ಇಂದು ಹಲವು ದೇಶಗಳಲ್ಲಿದೆ. ಸಾಮಾನ್ಯವಾಗಿ ಸಿಗುವ ಸಮರ್ಥನೆ ಇದು: ಖಾತೆ ನಿರ್ವಹಿಸಲು ಪ್ರತ್ಯೇಕ ಫೋನ್ ಇದೆ, ಸರ್ಕಾರಿ ಕಡತಗಳಿಗೂ ಅದಕ್ಕೂ ಸಂಬಂಧವಿಲ್ಲ. ಈ ಸಮರ್ಥನೆಯನ್ನು ನಾನು ಒಪ್ಪುವುದಿಲ್ಲ.

ಟಿಕ್‌ಟಾಕ್ ಬಗೆಗಿನ ಭಯ ಸುಳ್ಳಲ್ಲ ಎಂಬುದನ್ನು ಮೊದಲು ಒಪ್ಪಬೇಕು. ಟಿಕ್‌ಟಾಕ್‌ನ ಮಾತೃಸಂಸ್ಥೆ, ಚೀನಾದ ಬೈಟ್‌ಡ್ಯಾನ್ಸ್‌ನ ಕೆಲವು ನೌಕರರು ಪತ್ರಕರ್ತರ ಖಾತೆಗಳ ಮಾಹಿತಿಯನ್ನು ಕದ್ದು ನೋಡಿದ್ದರು. ಕಂಪನಿಯೊಳಗಿನ ಸುದ್ದಿ ಹೊರಗೆ ಕೊಡುತ್ತಿರುವವರು ಯಾರು ಎಂದು ಪತ್ತೆ ಹಚ್ಚುವುದು ಅವರ ಉದ್ದೇಶವಾಗಿತ್ತು. ಇದನ್ನು 2022ರ ಡಿಸೆಂಬರ್‌ನಲ್ಲಿ ಕಂಪನಿಯೇ ಒಪ್ಪಿಕೊಂಡು ಅವರನ್ನು ಕೆಲಸದಿಂದ ತೆಗೆಯಿತು. ಪತ್ರಕರ್ತರ ಜಾಡು ಹಿಡಿಯಲು ಆಗುವುದಾದರೆ ಸಚಿವರೊಬ್ಬರ ಆಪ್ತ ಸಹಾಯಕರ ಜಾಡು ಹಿಡಿಯುವುದು ಕಷ್ಟವೇನಲ್ಲ. ಪ್ರತ್ಯೇಕ ಫೋನ್ ಇಡುವುದರಿಂದ ಈ ಒಂದು ಬಾಗಿಲು ಮುಚ್ಚುತ್ತದೆ, ನಿಜ. ಆದರೆ ಆ ಪ್ರತ್ಯೇಕ ಫೋನ್ ಕಾಪಾಡುವುದು ಅಧಿಕಾರಿಯನ್ನು. ವಿಡಿಯೊ ನೋಡಲು ಬರುವ ಹತ್ತೊಂಬತ್ತರ ಹುಡುಗಿಗೆ ಇರುವುದು ಒಂದೇ ಫೋನ್. ಅವಳ ಬ್ಯಾಂಕು, ಅವಳ ಫೋಟೊ, ಅವಳು ಓಡಾಡುವ ಜಾಗ ಎಲ್ಲವೂ ಅದರಲ್ಲೇ ಇವೆ. ನಮ್ಮ ಫೋನಿಗೆ ಬೇಡ, ನಿಮ್ಮದಕ್ಕೆ ಇರಲಿ ಎಂದು ಸರ್ಕಾರವೇ ಹೇಳಿದ ಹಾಗಾಯಿತು. ಅಮೆರಿಕದ ಸೆನೆಟ್ ಗುಪ್ತಚರ ಸಮಿತಿಯ ಅಧ್ಯಕ್ಷರಾಗಿದ್ದ ಮಾರ್ಕ್ ವಾರ್ನರ್, ಬೈಡನ್ ಅವರದೇ ಪಕ್ಷದವರು, ಇದರಿಂದ ಜನರಿಗೆ ಗೊಂದಲದ ಸಂದೇಶ ಹೋಗುತ್ತದೆ ಎಂದು ಆಗಲೇ ಕಳವಳಪಟ್ಟಿದ್ದರು. ಟ್ರಂಪ್ ಕಥೆಯೂ ಬೇರೆಯಲ್ಲ. 2020ರಲ್ಲಿ ನಿಷೇಧದ ಆದೇಶ ಹೊರಡಿಸಿದವರು 2024ರ ಜೂನ್‌ನಲ್ಲಿ ಖಾತೆ ತೆರೆದರು. 2025ರ ಆಗಸ್ಟ್‌ನಲ್ಲಿ ಶ್ವೇತಭವನವೇ ಖಾತೆ ತೆರೆಯಿತು. ಕಂಪನಿ ಮಾರಿ ಎನ್ನುವ, ಸುಪ್ರೀಂ ಕೋರ್ಟು ಎತ್ತಿಹಿಡಿದಿದ್ದ ಆ ಕಾನೂನನ್ನು ಟ್ರಂಪ್ ಸರ್ಕಾರ ಜಾರಿ ಮಾಡದೆ ಮುಂದಕ್ಕೆ ಹಾಕುತ್ತ ಬಂದಿದ್ದ ದಿನಗಳವು.

ಫೋನ್ ಬದಲಿಸಿದರೂ ತಪ್ಪದ ಇನ್ನೊಂದು ಅಪಾಯವಿದೆ. ಯಾರ ಪರದೆಯ ಮೇಲೆ ಯಾವ ವಿಡಿಯೊ ಮೂಡಬೇಕು ಎಂದು ನಿರ್ಧರಿಸುವುದು ವೇದಿಕೆಯ ಅಲ್ಗಾರಿದಮ್. ರೊಮೇನಿಯಾದಲ್ಲಿ 2024ರ ನವೆಂಬರ್ 24ರಂದು ನಡೆದ ಅಧ್ಯಕ್ಷೀಯ ಚುನಾವಣೆಯ ಮೊದಲ ಸುತ್ತಿನಲ್ಲಿ ಕಾಲಿನ್ ಜಾರ್ಜೆಸ್ಕು ಎಲ್ಲರಿಗಿಂತ ಮುಂದೆ ಬಂದರು. ಸಮೀಕ್ಷೆಗಳು ಅವರನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಪ್ರಚಾರಕ್ಕೆ ಒಂದು ಕಾಸೂ ಖರ್ಚು ಮಾಡಿಲ್ಲ ಎಂದು ಅವರು ಲೆಕ್ಕ ಕೊಟ್ಟಿದ್ದರು. ಟಿಕ್‌ಟಾಕ್‌ನಲ್ಲಿ ಅವರ ಪರ ಸಂಘಟಿತ ಪ್ರಚಾರ ನಡೆದಿದೆ ಎಂದು ಅಲ್ಲಿನ ಗುಪ್ತಚರ ದಾಖಲೆಗಳು ಹೇಳಿದವು. ಡಿಸೆಂಬರ್ 6ರಂದು ಸಾಂವಿಧಾನಿಕ ನ್ಯಾಯಾಲಯ ಇಡೀ ಚುನಾವಣೆಯನ್ನೇ ರದ್ದು ಮಾಡಿತು. ಅಂಥ ವೇದಿಕೆಯಲ್ಲಿ ಸರ್ಕಾರವೊಂದು ಖಾತೆ ತೆರೆಯುವುದೆಂದರೆ ಕೀಲಿಕೈ ಮಾಲೀಕನ ಹತ್ತಿರವೇ ಉಳಿದಿರುವ ಮಳಿಗೆಯನ್ನು ಬಾಡಿಗೆಗೆ ಹಿಡಿದಂತೆ.

ಇಷ್ಟಾದರೂ ಸಿಗುವ ಫಲ ದೊಡ್ಡದಾಗಿದ್ದರೆ ಯೋಚಿಸಬಹುದಿತ್ತು. ಇದನ್ನು ತೂಗಿ ನೋಡಲು ಜರ್ಮನಿ ಒಳ್ಳೆಯ ಉದಾಹರಣೆ. ಬಲಪಂಥೀಯ ಎಎಫ್‌ಡಿ ಪಕ್ಷ ಟಿಕ್‌ಟಾಕ್‌ನಲ್ಲಿ ಯುವಜನರನ್ನು ಸೆಳೆಯುತ್ತಿದ್ದಾಗ, 2024ರ ಏಪ್ರಿಲ್‌ನಲ್ಲಿ ಚಾನ್ಸಲರ್ ಓಲಾಫ್ ಶೋಲ್ಜ್ ಖಾತೆ ತೆರೆದರು. ನಾನು ಕುಣಿಯುವುದಿಲ್ಲ ಎಂದು ಮೊದಲೇ ಮಾತು ಕೊಟ್ಟರು. ದಶಕಗಳಿಂದ ಜೊತೆಗಿರುವ ಅವರ ಸವೆದ ಚರ್ಮದ ಬ್ಯಾಗು ಆ ಖಾತೆಯಲ್ಲಿ ಹೆಸರು ಮಾಡಿತು. ಬ್ಯಾಗಿನ ಬಗ್ಗೆ ಜನ ಆಸಕ್ತಿಯಿಂದ ಮಾತಾಡಿದರು, ಸರ್ಕಾರದ ಕೆಲಸದ ಬಗ್ಗೆ ಅಷ್ಟಾಗಿ ಮಾತಾಡಲಿಲ್ಲ. ಜೂನ್‌ನಲ್ಲಿ ಯುರೋಪಿಯನ್ ಸಂಸತ್ತಿನ ಚುನಾವಣೆ ಬಂತು. ಜರ್ಮನಿಯಲ್ಲಿ ಹದಿನಾರು ವರ್ಷದವರೂ ಮತ ಹಾಕಿದ ಚುನಾವಣೆ ಅದು. ಮತಗಟ್ಟೆ ಸಮೀಕ್ಷೆಯ ಪ್ರಕಾರ 25ಕ್ಕಿಂತ ಕಿರಿಯರಲ್ಲಿ ಎಎಫ್‌ಡಿಗೆ ಶೇ 16, ಶೋಲ್ಜ್ ಪಕ್ಷಕ್ಕೆ ಶೇ 9.

ಇದರ ಪಕ್ಕದಲ್ಲಿ 2025ರ ಜನವರಿ 29ನ್ನು ಇಟ್ಟು ನೋಡಿ. ಅಂದು ಜರ್ಮನ್ ಸಂಸತ್ತಿನಲ್ಲಿ ವಲಸೆ ಕುರಿತ ಗೊತ್ತುವಳಿಯೊಂದು ಎಎಫ್‌ಡಿ ಮತಗಳ ಬೆಂಬಲದಿಂದ ಅಂಗೀಕಾರವಾಯಿತು. ಎಡಪಕ್ಷದ ಯುವ ಸಂಸದೆ ಹೈಡಿ ರೈಖಿನೆಕ್ ಎದ್ದು ನಿಂತು, ಕೋಪದಿಂದ, ಬಿಡುವಿಲ್ಲದೆ ಮಾತಾಡಿದರು. ಆ ಭಾಷಣ ಲಕ್ಷಾಂತರ ಫೋನ್‌ಗಳಿಗೆ ಹರಿಯಿತು. ಸತ್ತೇಹೋಯಿತು ಎನ್ನಿಸಿಕೊಂಡಿದ್ದ ಅವರ ಪಕ್ಷ ಫೆಬ್ರವರಿಯ ಚುನಾವಣೆಯಲ್ಲಿ ಶೇ 8.8 ಮತ ಪಡೆಯಿತು. 18ರಿಂದ 24ರ ವಯಸ್ಸಿನವರಲ್ಲಿ ಅದೇ ಮೊದಲ ಸ್ಥಾನದಲ್ಲಿತ್ತು. ರೈಖಿನೆಕ್ ಟಿಕ್‌ಟಾಕ್ ಬಲ್ಲವರು, ಅದಕ್ಕೆ ಮೊದಲಿನಿಂದಲೂ ದುಡಿದವರು, ಅದನ್ನು ಮರೆಯಬಾರದು. ಆದರೆ ಯುವಜನ ಹಂಚಿಕೊಂಡದ್ದು ಸಂಸತ್ತಿನ ವೇದಿಕೆಯಲ್ಲಿ, ಎಲ್ಲರ ಎದುರು, ನಿಲುವು ತೆಗೆದುಕೊಂಡು ಆಡಿದ ಮಾತನ್ನು. ಅವರು ಪ್ರತಿಪಕ್ಷದವರು, ಸರ್ಕಾರದ ರಹಸ್ಯ ಕಡತಗಳು ಅವರ ಕೈಯಲ್ಲಿರಲಿಲ್ಲ ಎಂಬುದೂ ಮುಖ್ಯ. ಸಂಸದರಿಗೆ, ಪಕ್ಷಕ್ಕೆ ಸಲ್ಲುವ ಸ್ವಾತಂತ್ರ್ಯ ಸರ್ಕಾರದ ಮುಖ್ಯಸ್ಥರ ಕಚೇರಿಗೆ ಸಲ್ಲದು.

ನಮ್ಮ ದೇಶ 2020ರ ಜೂನ್ 29ರಂದು ಟಿಕ್‌ಟಾಕ್ ಸೇರಿದಂತೆ ಚೀನಾದ 59 ಆ್ಯಪ್‌ಗಳನ್ನು ಒಂದೇ ಏಟಿಗೆ ನಿಷೇಧಿಸಿತು. ಚೀನಾ ಗಡಿಯ ಗಾಲ್ವಾನ್‌ನಲ್ಲಿ ನಮ್ಮ ಯೋಧರು ಪ್ರಾಣ ತೆತ್ತು ಎರಡೇ ವಾರವಾಗಿತ್ತು. ಅದಕ್ಕೆ ಮುಂಚೆ ಕೇಂದ್ರ ಸರ್ಕಾರದ್ದೇ ಜಾಲತಾಣ 'ಮೈಗೌ' ಟಿಕ್‌ಟಾಕ್‌ನಲ್ಲಿ ಖಾತೆ ಹೊಂದಿತ್ತು. ಕೋವಿಡ್ ಕಾಲದ ತಿಳಿವಳಿಕೆ ವಿಡಿಯೊಗಳು ಖಾತೆಯೊಂದಿಗೇ ಅಲ್ಲಿಂದ ಮರೆಯಾದವು. ಕೆಲವೇ ದಿನಗಳಲ್ಲಿ ಬೆಂಗಳೂರಿನ ಶೇರ್‌ಚಾಟ್ 'ಮೋಜ್' ತಂದಿತು, ಇನ್‌ಸ್ಟಾಗ್ರಾಂ ರೀಲ್ಸ್ ತೆರೆಯಿತು, ಜನ ಅಲ್ಲಿಗೆ ಹೋದರು, ಇಲಾಖೆಗಳೂ ಹೋದವು. ಚೀನಾದ ಆ್ಯಪ್ ತೊಲಗಿದ ಕೂಡಲೇ ಅಪಾಯ ತೊಲಗಲಿಲ್ಲ. 2021ರ ಡಿಸೆಂಬರ್‌ನಲ್ಲಿ ಪ್ರಧಾನಿಯವರ ಟ್ವಿಟರ್ ಖಾತೆಗೇ ಕನ್ನ ಬಿತ್ತು. ಬಿಟ್‌ಕಾಯಿನ್ ಇನ್ನು ಮುಂದೆ ಭಾರತದ ಅಧಿಕೃತ ಹಣ ಎಂಬ ಸುಳ್ಳು ಅಲ್ಲಿಂದಲೇ ಹೊರಟಿತು. 2024ರ ಜನವರಿಯಲ್ಲಿ ಅಮೆರಿಕದ ಷೇರು ನಿಯಂತ್ರಣ ಆಯೋಗಕ್ಕೆ ಅದೇ ವೇದಿಕೆಯಲ್ಲಿದ್ದ ಖಾತೆಯನ್ನು ಹ್ಯಾಕರ್‌ಗಳು ಸಿಮ್ ಅದಲುಬದಲು ಮಾಡಿ ವಶಪಡಿಸಿಕೊಂಡರು. ಎರಡು ಹಂತದ ಪರಿಶೀಲನೆಯನ್ನು ಆ ಖಾತೆಯಲ್ಲಿ ನಿಷ್ಕ್ರಿಯಗೊಳಿಸಲಾಗಿತ್ತು.

ಯುವ ಮತದಾರರಿಗೆ ಬೆನ್ನು ತಿರುಗಿಸಿ ಕೂರಬೇಕು ಎಂದು ಇದರ ಅರ್ಥವಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ಭಾರತದಲ್ಲಿ ಮೊದಲ ಸಲ ಮತ ಹಾಕುವ ಅರ್ಹತೆ ಪಡೆದವರೇ ಸುಮಾರು 1.8 ಕೋಟಿ. ಅವರಲ್ಲಿ ಬಹುಮಂದಿ ದಿನಪತ್ರಿಕೆ ಬಿಡಿಸುವುದಿಲ್ಲ, ಸಂಜೆಯ ವಾರ್ತೆಗೆ ಕಾಯುವುದಿಲ್ಲ. ವಿದ್ಯಾರ್ಥಿವೇತನದ ಕೊನೆಯ ದಿನಾಂಕ ಅವರಿಗೆ ರೀಲ್‌ನಲ್ಲೇ ಸಿಗುವುದಾದರೆ ಸಿಗಲಿ. ಆದರೆ ಅಪಾಯಕಾರಿ ಎಂದು ಸರ್ಕಾರವೇ ಕಾನೂನು ಮಾಡಿದ ಕಡೆ ಅದರ ಮುಖ್ಯಸ್ಥರು ಕಾಲಿಡಬಾರದು. ಬೈಡನ್, ಟ್ರಂಪ್ ಇಬ್ಬರ ನಡೆಯೂ ತಪ್ಪು. ಉಳಿದ ವೇದಿಕೆಗಳಲ್ಲಿ ಇರಬೇಕಾದರೆ ಖಾತೆಯ ಪಾಸ್‌ವರ್ಡು ಗುತ್ತಿಗೆ ಏಜೆನ್ಸಿಯ ಹುಡುಗರ ಕೈಯಲ್ಲಿ ಇರಕೂಡದು, ಹೊಣೆ ಹೊತ್ತ ಅಧಿಕಾರಿಯ ಕೈಯಲ್ಲಿರಬೇಕು. ಹಾಕಿದ ಪ್ರತಿಯೊಂದು ವಿಡಿಯೊ ಅದೇ ದಿನ ಇಲಾಖೆಯ ಸ್ವಂತ ಜಾಲತಾಣದಲ್ಲೂ, ದಿನಾಂಕ ಮತ್ತು ಆದೇಶ ಸಂಖ್ಯೆಯ ಸಮೇತ, ಸಿಗಬೇಕು.

ನಿಮ್ಮ ಜಿಲ್ಲಾಡಳಿತದ ಅಥವಾ ನಿಮ್ಮ ಇಲಾಖೆಯ ರೀಲ್ ಮುಂದಿನ ಸಲ ಕಣ್ಣಿಗೆ ಬಿದ್ದರೆ, ಕೆಳಗೆ ಕಾಮೆಂಟಿನಲ್ಲಿ ಇಷ್ಟು ಕೇಳಿ: ಇದರ ಆದೇಶ ಸಂಖ್ಯೆ ಏನು, ನಿಮ್ಮ ಜಾಲತಾಣದಲ್ಲಿ ಇದು ಎಲ್ಲಿದೆ?