ಮಂಜೇಶ್ವರಕ್ಕೆ ಸಾಲಿಲ್ಲದ ಕೋಷ್ಟಕ

ಕಾಸರಗೋಡಿನಲ್ಲಿ ಕನ್ನಡಿಗರೆಷ್ಟು ಎಂಬ ಮಾತು ಬಂದಾಗಲೆಲ್ಲ ಜನಗಣತಿಯ ಸಿ-16 ಕೋಷ್ಟಕ ಹೊರಬರುತ್ತದೆ. 2011ರ ಲೆಕ್ಕದಲ್ಲಿ ಜಿಲ್ಲೆಯ 13 ಲಕ್ಷ ಜನರ ಪೈಕಿ ಕನ್ನಡ ಮಾತೃಭಾಷೆಯವರು ಶೇ. 4ರ ಆಸುಪಾಸು, ತುಳುವಿನವರು ಅದರ ಇಮ್ಮಡಿ. ಅಲ್ಲಿಗೆ ಚರ್ಚೆ ಮುಗಿಯುತ್ತದೆ. ಮುಗಿಯಬಾರದು.

ಡೇಟಾಬೇಸ್‌ನವರು ಇಂಥ ಕೋಷ್ಟಕಕ್ಕೆ ಮೆಟೀರಿಯಲೈಸ್ಡ್ ವ್ಯೂ ಎನ್ನುತ್ತಾರೆ. ಕೋಟ್ಯಂತರ ದಾಖಲೆಗಳನ್ನು ಪ್ರತಿಸಲ ಎಣಿಸುವ ಬದಲು ಒಮ್ಮೆ ಕೂಡಿಟ್ಟ ಲೆಕ್ಕ ಅದು. ಪ್ರಶ್ನೆ ಬಂದಾಗ ಈ ಸೌಲಭ್ಯವಿರುವ ತಂತ್ರಾಂಶ ಮೊದಲು ನೋಡುವುದು, ಕೂಡಿಟ್ಟ ಲೆಕ್ಕದಿಂದ ಉತ್ತರ ಹೊರಡುತ್ತದೆಯೇ ಎಂದು. ತಾಲೂಕುಗಳನ್ನು ಕೂಡಿಸಿ ಜಿಲ್ಲೆಯ ಸಂಖ್ಯೆ ಹೇಳಬಹುದು; ಜಿಲ್ಲೆಯ ಸಂಖ್ಯೆಯನ್ನು ಒಡೆದು ಪಂಚಾಯತಿನದ್ದು ಹೇಳಲು ಬರುವುದಿಲ್ಲ. ಆಗ ತಂತ್ರಾಂಶ ಊಹೆ ಮಾಡದೆ ಮೂಲ ದಾಖಲೆಗೇ ಹೋಗುತ್ತದೆ. ಈ ಶಿಸ್ತು ನನಗೆ ಬಹಳ ಹಿಡಿಸುತ್ತದೆ.

ನಮ್ಮ ಭಾಷಾ ಲೆಕ್ಕಕ್ಕೆ ಆ ಶಿಸ್ತಿಲ್ಲ. ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಾಗಿ ಕೇಂದ್ರ ಸರಕಾರ 1956ರಲ್ಲಿ ಹೊರಡಿಸಿದ ಜ್ಞಾಪಕಪತ್ರದ ಪ್ರಕಾರ, ಶೇ. 15ರಿಂದ 20ರಷ್ಟು ಜನ ಆಡುವ ಭಾಷೆಯಲ್ಲಿ ಮುಖ್ಯ ಪ್ರಕಟಣೆಗಳು ಬರಬೇಕು. ಅಳೆಯುವ ಘಟಕ ಜಿಲ್ಲೆಯಾಗಬಹುದು, ಪುರಸಭೆಯಾಗಬಹುದು, ಅದಕ್ಕಿಂತ ಸಣ್ಣ ಪ್ರದೇಶವೂ ಆಗಬಹುದು. ಜಿಲ್ಲೆಯನ್ನು ಹಿಡಿದರೆ ಕನ್ನಡ ಸೋತಿತು. ಚಂದ್ರಗಿರಿ ಹೊಳೆಯಿಂದ ಉತ್ತರಕ್ಕೆ ಬಂದು ಎಣಿಸಿದರೆ ಚಿತ್ರ ಬೇರೆ. 1967ರಲ್ಲಿ ಗಡಿ ಕುರಿತ ಮಹಾಜನ ಆಯೋಗದ ವರದಿ ಗೆರೆ ಎಳೆದದ್ದೂ ಆ ಹೊಳೆಯ ಗುಂಟವೇ. ಮಂಜೇಶ್ವರ ತಾಲೂಕು 2011ರ ಗಣತಿಯ ಬಳಿಕ ಹುಟ್ಟಿತು. ಹಾಗಾಗಿ ಆ ಕೋಷ್ಟಕದಲ್ಲಿ ಅದರದೊಂದು ಸಾಲೇ ಇಲ್ಲ, ಅದು ಹಳೆಯ ಕಾಸರಗೋಡು ತಾಲೂಕಿನೊಳಗೆ ಕರಗಿದೆ.

ಸಾಲಿನ ಕೊರತೆಗಿಂತ ಕಾಲಮ್ಮಿನ ಕೊರತೆ ದೊಡ್ಡದು. ನಮ್ಮ ಜಗಲಿಯಲ್ಲಿ ಅಮ್ಮ ಕನ್ನಡಕ ಮೂಗಿಗೆ ಇಳಿಸಿ, ಕನ್ನಡ ಪತ್ರಿಕೆಯನ್ನು ಮಡಿಲ ಮೇಲೆ ಹರಡಿಕೊಂಡು ಕೂತಿದ್ದರು. ಗಣತಿಯವರು ಮಾತೃಭಾಷೆ ಕೇಳಿದಾಗ ತಲೆ ಎತ್ತಿ "ತುಳು" ಎಂದರು. ಸರಿಯಾದ ಉತ್ತರವೇ. ಬೇರೆ ಯಾವ ಭಾಷೆ ಬರುತ್ತದೆ ಎಂದೂ ಕೇಳಿದರು. ಯಾವ ಭಾಷೆಯಲ್ಲಿ ಓದುತ್ತೀರಿ ಎಂದು ಕೇಳಲಿಲ್ಲ, ನಮೂನೆಯಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ತುಳು, ಕೊಂಕಣಿ, ಮರಾಠಿ ಮನೆಮಾತಿನ ಎಷ್ಟೋ ಮಕ್ಕಳು ಇಲ್ಲಿ ಕನ್ನಡ ಶಾಲೆಗೆ ಹೋಗುತ್ತಾರೆ. ಪ್ರಕಟಣೆ ಕನ್ನಡದಲ್ಲಿ ಬೇಕಾದದ್ದು ಈ ಎಲ್ಲರಿಗೆ.

ಗಣತಿಯ ಮೂಲ ದಾಖಲೆಯಾದ ಮನೆಮನೆಯ ಹಾಳೆಗಳು 1948ರ ಜನಗಣತಿ ಕಾಯ್ದೆಯಂತೆ ಗೋಪ್ಯ. ಹಾಗೇ ಇರಲಿ. ಪಂಚಾಯತುವಾರು ಭಾಷಾ ಕೋಷ್ಟಕ ಕೊಟ್ಟರೆ ಯಾರ ಗುಟ್ಟೂ ಹೊರಬೀಳದು. 2027ರ ಗಣತಿಯಿಂದ ನಾವು ಕೇಳಿ ಪಡೆಯಬೇಕಾದದ್ದು ಅದನ್ನು.